ನಾಳೆಯ ಮನೆ

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಮಹಡಿ ಕೋಣೆಯಿಂದ ರಾತ್ರಿ ಹತ್ತರ ಮೇಲೆ ‘ಅರೇ’, ‘ಅರೇ’ ಎಂಬ ಉದ್ಗಾರ ಕೇಳಿಬರುತ್ತಿತ್ತು. ಮಗ ಯಾರೊಡನೆಯೋ ಫೋನಿನಲ್ಲಿ ಮಾತನಾಡುತ್ತಿದ್ದಾನೆ, ಏನೋ ಆಶ್ಚರ್ಯದ ಸಂಗತಿ ನಡೆದಿದೆ ಎಂದು ನಾನು ಕೆಳಗಿನಿಂದಲೇ ಕಿವಿಗೊಡುತ್ತಿದ್ದೆ. ಮದುವೆಯ ವಯಸ್ಸಿಗೆ ಬಂದ ಮಗ. ತಾಯಿಯಾದವಳಿಗೆ ಇಷ್ಟು ಕುತೂಹಲವೂ ಇರಬಾರದೆ? ಒಂದು ರಾತ್ರಿ ತಡೆಯಲಾರದೆ ಹಾಲಿನ ಲೋಟದ ನೆಪದಲ್ಲಿ ಮೆಟ್ಟಿಲು ಹತ್ತಿ, “ಯಾರೋ ಅದು ನಿನ್ನನ್ನ ಅಷ್ಟೊಂದು ಆಶ್ಚರ್ಯಪಡಿಸ್ತಿರೋರು?” ಎಂದೆ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಅಮ್ಮ, ಅದು ಉದ್ಗಾರ ಅಲ್ಲ. ಕಂಪ್ಯೂಟರ್ ಭಾಷೇಲಿ ಅರೇ ಅಂದ್ರೆ ಸಾಲು. ಅಂಕಿಗಳ ಸಾಲು” ಎಂದ. ಪರದೆಯ ಮೇಲೆ ಕೆಂಪು ಹಸಿರು ಕಡ್ಡಿಗಳು ಏರುತ್ತ ಇಳಿಯುತ್ತ ಕುಳಿತಿದ್ದವು. ಷೇರುಪೇಟೆ. ನನ್ನ ಎದೆ ಧಸಕ್ಕೆಂದಿತು. ಹುಡುಗಿಯೇ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿಬಿಟ್ಟಿತು.

ಹಾಗನ್ನಿಸಲು ಕಾರಣವಿತ್ತು. 1992ರಲ್ಲಿ ಹರ್ಷದ್ ಮೆಹ್ತಾ ಹಗರಣ ಬಯಲಾದಾಗ ನಾನು ಇನ್ನೂ ಹೊಸದಾಗಿ ಕೆಲಸಕ್ಕೆ ಸೇರಿದ್ದವಳು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಅದೇ ಮಾತು. ಹೆಂಡತಿಯ ಒಡವೆ ಅಡವಿಟ್ಟು ಷೇರು ಕೊಂಡಿದ್ದ ಹಿರಿಯ ಮೇಷ್ಟರೊಬ್ಬರು ಒಂದು ತಿಂಗಳು ಯಾರ ಮುಖವನ್ನೂ ನೋಡದೆ ಕಿಟಕಿಯ ಕಡೆ ತಿರುಗಿ ಊಟ ಮಾಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂದಿನಿಂದ ನಮ್ಮ ಉಳಿತಾಯವೆಲ್ಲ ಅಂಚೆ ಕಚೇರಿಯಲ್ಲಿ.

ಮಗ ಅಂದು ಮಾತಿನ ನಡುವೆ ಹೇಳಿಯೇಬಿಟ್ಟ. ಬೆಂಗಳೂರಿನ ಕೆಲಸ ಬಿಡುತ್ತಾನಂತೆ. ದಿನವೂ ಬೆಳಗಿನ ರೈಲಿಗೆ ಓಡಿ ರಾತ್ರಿ ಒಂಬತ್ತಕ್ಕೆ ತುಮಕೂರಿಗೆ ಬಂದಿಳಿಯುವುದು ಸಾಕಾಗಿದೆಯಂತೆ. ಒಂದು ಸೂತ್ರ ಸಿಕ್ಕಿದೆಯಂತೆ. ಅಂಚೆ ಕಚೇರಿಯಲ್ಲಿರುವ ನನ್ನ ಐದು ಲಕ್ಷ ಕೊಟ್ಟರೆ ಮನೆಯಲ್ಲೇ ಕುಳಿತು ದುಡಿಯುತ್ತಾನಂತೆ. ಆ ಐದು ಲಕ್ಷ ನಾನು ಗುಬ್ಬಿ ತಾಲ್ಲೂಕಿನ ಶಾಲೆಗೆ ವರ್ಷಗಟ್ಟಲೆ ರೈಲಿನಲ್ಲೂ ಬಸ್ಸಿನಲ್ಲೂ ಓಡಾಡಿ, ತಿಂಗಳು ತಿಂಗಳೂ ಇಷ್ಟಿಷ್ಟೇ ತೆಗೆದಿಟ್ಟ ಹಣ. ನಿವೃತ್ತಿಯ ಮೇಲೆ ಒಬ್ಬರ ಮುಂದೆ ಕೈಚಾಚಬಾರದು ಎಂದು ಇಟ್ಟದ್ದು.

ನಮ್ಮವರು ಎಂದಿನಂತೆ, “ನೀನೇ ನೋಡು” ಎಂದು ಪೇಪರು ಮಗುಚಿದರು. ನಾನು ಮಗನಿಗೆ ಒಂದು ಷರತ್ತು ಹಾಕಿದೆ. “ಆ ಸೂತ್ರ ಏನು ಅಂತ ಮೊದಲು ನನಗೆ ಪಾಠ ಮಾಡು. ನನಗೆ ಅರ್ಥವಾದರೆ ದುಡ್ಡು.” “ನೀನು ಬಿ.ಎ., ಬಿ.ಎಡ್., ಸಮಾಜ ಪಾಠದ ಟೀಚರ್. ನಿಂಗೆ ಅರ್ಥ ಆಗಲ್ಲ ಬಿಡಮ್ಮ” ಎಂದ. ಅರ್ಥವಾಗದವರಿಗೆ ಅರ್ಥ ಮಾಡಿಸುವುದೇ ನನ್ನ ಕಸುಬು ಕಣೋ, ಅದು ನಿನಗೂ ಸ್ವಲ್ಪ ಬರಲಿ ಎಂದೆ. ಹೀಗೆ ಐವತ್ತಾರನೆಯ ವಯಸ್ಸಿನಲ್ಲಿ ನಾನು ವಿದ್ಯಾರ್ಥಿನಿಯಾದೆ.

ಮೊದಲ ಪಾಠ ಕಷ್ಟವಾಗಲಿಲ್ಲ, ಏಕೆಂದರೆ ಅದು ನನ್ನ ಹಾಜರಿ ಪುಸ್ತಕವೇ ಆಗಿತ್ತು. ಒಂದು ಷೇರಿನ ದಿನದಿನದ ಬೆಲೆಗಳನ್ನು ಒಂದರ ಪಕ್ಕ ಒಂದು ಬರೆದರೆ ಒಂದು ಸಾಲು. ದಿನದ ಮೊದಲ ಬೆಲೆಯದು ಒಂದು ಸಾಲು, ಅತಿ ಹೆಚ್ಚಿನದು, ಅತಿ ಕಡಿಮೆಯದು, ಕೊನೆಯ ಬೆಲೆಯದು ಒಂದೊಂದು ಸಾಲು. ಸಾಮಾನ್ಯ ಕಂಪ್ಯೂಟರ್ ಭಾಷೆಯಲ್ಲಾದರೆ ಮೊದಲನೇ ದಿನ ತೆಗೆದುಕೋ, ಲೆಕ್ಕ ಮಾಡು, ಎರಡನೇ ದಿನ ತೆಗೆದುಕೋ, ಲೆಕ್ಕ ಮಾಡು ಎಂದು ಹೇಳಬೇಕು. ನಾವು ಒಂದನೇ ನಂಬರು, ಎರಡನೇ ನಂಬರು ಎಂದು ಹಾಜರಿ ಕೂಗಿದ ಹಾಗೆ. ಈ ಸಾಲಿನ ಭಾಷೆಯಲ್ಲಿ ಹಾಗಲ್ಲ, ಡ್ರಿಲ್ ಮೇಷ್ಟರು ‘ಎಲ್ಲರೂ ಎದ್ದು ನಿಲ್ಲಿ’ ಎಂದಂತೆ ಒಂದೇ ಮಾತು. ‘ಇಂದಿನ ಬೆಲೆಯಲ್ಲಿ ನಿನ್ನೆಯದನ್ನು ಕಳೆ’ ಎಂದು ಒಂದು ಗೆರೆ ಬರೆದರೆ ಸಾಕು, ಸಾವಿರ ದಿನದ ಲೆಕ್ಕವೂ ಒಟ್ಟಿಗೆ ಎದ್ದು ನಿಲ್ಲುತ್ತದೆ.

ಹೀಗೆ ಸಾಲನ್ನೇ ಒಂದು ಅಂಕಿಯಂತೆ ಕೂಡಿ ಕಳೆಯುವ ಆಲೋಚನೆ ಹುಟ್ಟಿದ್ದು ಪಾಠ ಹೇಳುವ ಒಬ್ಬರ ತಲೆಯಲ್ಲಿ ಎಂದು ತಿಳಿದು ನನಗೆ ಖುಷಿಯಾಯಿತು. ಕೆನ್ನೆತ್ ಐವರ್ಸನ್ ಎಂಬ ಕೆನಡಾದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವಾಗ ಬೋರ್ಡಿನ ಮೇಲೆ ಬರೆಯಲು ಅನುಕೂಲವಾಗಲೆಂದು ಒಂದು ಸಂಕೇತ ಪದ್ಧತಿ ಮಾಡಿಕೊಂಡರಂತೆ. 1962ರಲ್ಲಿ ಅದು ಪುಸ್ತಕವಾಯಿತು, ಆಮೇಲೆ ಎಪಿಎಲ್ ಎಂಬ ಕಂಪ್ಯೂಟರ್ ಭಾಷೆಯಾಯಿತು. 1979ರಲ್ಲಿ ಅವರಿಗೆ ಕಂಪ್ಯೂಟರ್ ಲೋಕದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಷೇರಿನ ನಕ್ಷೆ ಬರೆಯುವ ತಂತ್ರಾಂಶಗಳು ಇದೇ ದಾರಿ ಹಿಡಿದವು. ಪೋಲೆಂಡಿನ ತೊಮಾಷ್ ಯಾನೆಚ್ಕೊ ಎಂಬವರು ಬರೆದ ಆಮಿಬ್ರೋಕರ್ ಅಂಥದ್ದೊಂದು. ಅದರ ಸೂತ್ರಗಳ ಭಾಷೆಗೆ ಎಎಫ್‌ಎಲ್ ಎಂದು ಹೆಸರು. ಮೊದಲು ಆಮಿಗಾ ಎಂಬ ಕಂಪ್ಯೂಟರಿಗಾಗಿ ಬರೆದದ್ದರಿಂದ ತಂತ್ರಾಂಶಕ್ಕೆ ಆ ಹೆಸರು ಬಂತಂತೆ. ಮಗ ಕಲಿತದ್ದು ಈ ಭಾಷೆಯನ್ನೇ.

ಎರಡನೆಯ ದಿನ ಅವನೇ ಒಂದು ಕಡೆ ಸಿಕ್ಕಿಹಾಕಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದ. ‘ಇಂದಿನ ಕೊನೆಯ ಬೆಲೆ ಮೊದಲ ಬೆಲೆಗಿಂತ ಹೆಚ್ಚಿದ್ದರೆ ಹೀಗೆ ಮಾಡು’ ಎಂದು ಬರೆದಿದ್ದಾನೆ, ಯಂತ್ರ ಒಪ್ಪುತ್ತಿಲ್ಲ. ಇಲ್ಲಿ ಸಾಲು ಹಾಕುವ ಹಾಗಿಲ್ಲ, ಒಂದೇ ಉತ್ತರ ಬೇಕು ಎನ್ನುತ್ತಿದೆ. ನನಗೆ ನಗು ಬಂತು. ಇನ್‌ಸ್ಪೆಕ್ಟರು ಬಂದು “ನಿಮ್ಮ ಕ್ಲಾಸು ಪಾಸಾಯಿತೇ?” ಎಂದು ಕೇಳಿದರೆ ನಾನು ಏನೆನ್ನಲಿ? ನಲವತ್ತು ಮಕ್ಕಳಿದ್ದಾರೆ, ನಲವತ್ತು ಉತ್ತರಗಳಿವೆ. ಸಾವಿರ ದಿನದ ಸಾಲನ್ನು ‘ಹೆಚ್ಚಾಯಿತೇ?’ ಎಂದು ಕೇಳಿದರೆ ಸಾವಿರ ಹೌದು–ಇಲ್ಲಗಳು ಬರುತ್ತವೆ, ಒಂದಲ್ಲ. ಮಗ ನನ್ನನ್ನು ಒಂದು ಕ್ಷಣ ನೋಡಿ, ಸಾಲಿಗೆಂದೇ ಇರುವ ಬೇರೆ ಪದವನ್ನು ಅಲ್ಲಿ ಬರೆದ. ಯಂತ್ರ ಒಪ್ಪಿಕೊಂಡಿತು.

ಮೂರನೆಯ ಪಾಠ ಚಲಿಸುವ ಸರಾಸರಿಯದು. ಐದು ದಿನದ ಬೆಲೆ 100, 102, 104, 103, 106 ಇದೆ ಅನ್ನಿ. ಒಟ್ಟು 515, ಸರಾಸರಿ 103. ಆರನೆಯ ದಿನ 109 ಬಂತು. ಹಳೆಯ 100 ಬಿಟ್ಟು ಹೊಸ 109 ಸೇರಿಸಿದರೆ ಒಟ್ಟು 524, ಸರಾಸರಿ 104.8. ಹೀಗೆ ದಿನಕ್ಕೊಂದು ಹಳೆಯದು ಇಳಿಯುತ್ತದೆ, ಹೊಸದು ಹತ್ತುತ್ತದೆ. ಮೊದಲ ನಾಲ್ಕು ದಿನ ಸರಾಸರಿಯೇ ಇಲ್ಲ. ಆ ಮನೆಗಳನ್ನು ಯಂತ್ರ ಖಾಲಿ ಬಿಡುತ್ತದೆ, ಸೊನ್ನೆ ಬರೆಯುವುದಿಲ್ಲ. ಶಾಲೆಗೆ ಇನ್ನೂ ಸೇರದ ಮಗುವಿಗೆ ಗೈರುಹಾಜರಿ ಹಾಕಲಾಗದಲ್ಲ, ಹಾಗೆ.

ಇದನ್ನು ಕೇಳುತ್ತಿದ್ದಂತೆ ನನಗೆ ಅಪ್ಪನ ನೆನಪಾಯಿತು. ನನ್ನ ತವರು ಗುಬ್ಬಿ ಹತ್ತಿರದ ಹಳ್ಳಿ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಲು ಬಿಟ್ಟು, ಒಳಗೆ ನೀರೆಲ್ಲ ಇಂಗಿ ಗಡಗಡ ಎಂದ ಮೇಲೆ ಸುಲಿದು ಒಡೆದು ಉಂಡೆ ಕೊಬ್ಬರಿ ಮಾಡಿ ತಿಪಟೂರಿಗೆ ಒಯ್ಯುತ್ತಾರೆ. ಅಪ್ಪ ಪ್ರತಿ ಹರಾಜಿನ ಧಾರಣೆಯನ್ನೂ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಪಕ್ಕದಲ್ಲಿ ಕೊನೆಯ ಐದು ಹರಾಜಿನ ಸರಾಸರಿ! ಅವರು ಓದಿದ್ದು ನಾಲ್ಕನೇ ಇಯತ್ತೆ. ಐವರ್ಸನ್ನರ ಹೆಸರನ್ನೂ ಕೇಳದೆ ಅವರೂ ಸಾಲಿನ ಲೆಕ್ಕವನ್ನೇ ಮಾಡುತ್ತಿದ್ದರು.

ಕೊನೆಗೆ ಬಂತು ಆ ಸೂತ್ರ. ಯಾರೋ ಗೆಳೆಯ ಕೊಟ್ಟದ್ದು, ಮಗ ಅದಕ್ಕೆ ತನ್ನದೂ ಒಂದಿಷ್ಟು ಸೇರಿಸಿದ್ದ. ಹಳೆಯ ಬೆಲೆಗಳ ಮೇಲೆ ಅದನ್ನು ಓಡಿಸಿ ತೋರಿಸಿದ. ಕೊಳ್ಳಬೇಕಾದ ಕಡೆ ಹಸಿರು ಬಾಣ, ಮಾರಬೇಕಾದ ಕಡೆ ಕೆಂಪು ಬಾಣ. ಎಂಟು ವರ್ಷದಲ್ಲಿ 63 ವ್ಯವಹಾರ, 61ರಲ್ಲಿ ಲಾಭ. ಒಂದು ಲಕ್ಷ ರೂಪಾಯಿ ನಲವತ್ತೇಳು ಲಕ್ಷವಾಗಿತ್ತು. ಮಗನ ಮುಖ ಬೆಳಗುತ್ತಿತ್ತು. ನನಗೆ ಮಾತ್ರ ಪರೀಕ್ಷೆಯ ಕೊಠಡಿ ನೆನಪಾಯಿತು. ನೂರಕ್ಕೆ ಮೂವತ್ತೈದು ತೆಗೆದವನ ಉತ್ತರ ಪತ್ರಿಕೆಯನ್ನು ನಾನು ಒಂದು ಸಲ ನೋಡುತ್ತೇನೆ. ನೂರಕ್ಕೆ ತೊಂಬತ್ತೇಳು ತೆಗೆದದ್ದನ್ನು ಎರಡು ಸಲ ನೋಡುತ್ತೇನೆ, ಪಕ್ಕದಲ್ಲಿ ಕುಳಿತವನದ್ದನ್ನೂ ನೋಡುತ್ತೇನೆ.

ಬಾಣಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಒಂದು ಹಸಿರು ಬಾಣ ಒಂದು ಆಳವಾದ ಕಣಿವೆಯ ತಳದಲ್ಲಿ ಸರಿಯಾಗಿ ಕುಳಿತಿತ್ತು. ಯಾವ ದಿನ ಎಂದು ಕೇಳಿದೆ. 2020ರ ಮಾರ್ಚ್ 23. ನಿಫ್ಟಿ ಸೂಚ್ಯಂಕ ಒಂದೇ ದಿನ ಶೇಕಡಾ 13ರಷ್ಟು ಬಿದ್ದು 7,610ಕ್ಕೆ ಇಳಿದ ದಿನ. ಆ ವಾರ ನನಗೆ ಚೆನ್ನಾಗಿ ನೆನಪಿದೆ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿತ್ತು. ಮಕ್ಕಳು ಫೋನು ಮಾಡಿ “ಎಂದು ಮಿಸ್?” ಎಂದರೆ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಆ ಪರೀಕ್ಷೆ ನಡೆದದ್ದು ಜೂನ್ 25ರಿಂದ. ಆ ದಿನ ರೋಗ ಎಲ್ಲಿಗೆ ಮುಟ್ಟುತ್ತದೆ, ಯಾರು ಉಳಿಯುತ್ತಾರೆ ಎಂದು ದೇಶದಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಅವತ್ತು ಇದೇ ತಳ ಅಂತ ಈ ಬಾಣಕ್ಕೆ ಹೇಗೆ ಗೊತ್ತಾಯ್ತೋ?” ಎಂದೆ.

“ಸೂತ್ರ ಲೆಕ್ಕ ಹಾಕತ್ತಮ್ಮ.”

“ಸರಿ. ಅವತ್ತಿನ ಮುಂದಿನದನ್ನೆಲ್ಲ ಮುಚ್ಚಿಟ್ಟು, ಅವತ್ತೇ ಲೆಕ್ಕ ಹಾಕು ಅಂತ ಹೇಳು ನೋಡೋಣ.”

ಅದಕ್ಕೂ ಒಂದು ಅನುಕೂಲ ಆ ತಂತ್ರಾಂಶದಲ್ಲೇ ಇತ್ತು. ಹಿಂದಿನ ಒಂದು ದಿನದಲ್ಲಿ ನಿಲ್ಲಿಸಿ, ದಿನ ದಿನವಾಗಿ ಮುಂದಕ್ಕೆ ಬಿಡಬಹುದು. ಮಗ ಮಾರ್ಚ್ 23ರಲ್ಲಿ ನಿಲ್ಲಿಸಿದ. ಬಾಣ ಇರಲಿಲ್ಲ! ಒಂದೊಂದೇ ದಿನ ಮುಂದೆ ಬಿಟ್ಟ. ಬೆಲೆ ಸಾಕಷ್ಟು ಮೇಲೇರಿದ ಮೇಲೆ ಹಸಿರು ಬಾಣ ಥಟ್ಟನೆ ಹಿಂದೆ ಹೋಗಿ ಕಣಿವೆಯ ತಳದಲ್ಲಿ ಕುಳಿತುಕೊಂಡಿತು, ಮೊದಲಿನಿಂದಲೂ ಅಲ್ಲೇ ಇದ್ದೆ ಎನ್ನುವ ಹಾಗೆ. ಇನ್ನೊಂದು ಕಡೆ ನೋಡಿದರೆ ಬಾಣ ಮೂಡಿ, ಬೆಲೆ ಮತ್ತೆ ಕೆಳಗಿಳಿದಾಗ ಸದ್ದಿಲ್ಲದೆ ತಾನೂ ಕೆಳಗಿಳಿಯಿತು. ಮಗ ಮಾತಾಡಲಿಲ್ಲ. ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು.

ತಪ್ಪು ತಂತ್ರಾಂಶದ್ದಲ್ಲ. ಏರಿಳಿತದ ತುದಿಗಳನ್ನು ಗುರುತಿಸುವ ಆ ಪದ ಮುಂದಿನ ಬೆಲೆಗಳನ್ನು ನೋಡಿಯೇ ಗುರುತಿಸುತ್ತದೆ ಎಂದು ಕೈಪಿಡಿಯಲ್ಲೇ ಎಚ್ಚರಿಕೆ ಕೊಟ್ಟಿದ್ದಾರೆ. ಮಗ ಓದಿರಲಿಲ್ಲ, ಅಷ್ಟೆ. ಆದರೆ ಇಂಥ ತಪ್ಪು ಈ ಭಾಷೆಯಲ್ಲಿ ಏಕೆ ಸುಲಭವಾಗಿ ನುಸುಳುತ್ತದೆ ಎಂದು ನನಗೆ ಹೊಳೆದದ್ದು ಮಾರನೆಯ ದಿನ, ರೈಲಿನಲ್ಲಿ. ಇಡೀ ಸಾಲು ಒಟ್ಟಿಗೆ ಕಣ್ಣ ಮುಂದಿರುವ ಯಂತ್ರಕ್ಕೆ ಎಡಗಡೆಯ ಮನೆಯೂ ಒಂದೇ, ಬಲಗಡೆಯ ಮನೆಯೂ ಒಂದೇ. ಆ ಸಾಲಿನಲ್ಲಿ ‘ಇವತ್ತು’ ಎಂಬುದೇ ಇಲ್ಲ. ಎಎಫ್‌ಎಲ್‌ನಲ್ಲಿ ರೆಫ್ ಎಂಬ ಒಂದು ಪದವಿದೆ. ಅದರೊಳಗೆ ಮೈನಸ್ 1 ಎಂದು ಬರೆದರೆ ನಿನ್ನೆಯ ಬೆಲೆ ಬರುತ್ತದೆ. ಆ ಪುಟ್ಟ ಅಡ್ಡಗೆರೆ ಮರೆತು ಬರೀ 1 ಎಂದು ಬರೆದರೆ ನಾಳೆಯ ಬೆಲೆ! ಹಳೆಯ ಬೆಲೆಗಳ ಮೇಲೆ ಓಡಿಸುವಾಗ ಯಂತ್ರ ಅದನ್ನು ಹಿಂದುಮುಂದು ನೋಡದೆ ಕೊಟ್ಟುಬಿಡುತ್ತದೆ, ಏಕೆಂದರೆ ಅದರ ಬಳಿ ಇದೆ. ಬದುಕುವ ನಮ್ಮ ಬಳಿ ಇಲ್ಲ. ನನ್ನ ಹಾಜರಿ ಪುಸ್ತಕದಲ್ಲಿ ನಾಳೆಯ ಮನೆಯೂ ಇದೆ, ಆದರೆ ಅದು ಖಾಲಿ. ಯಾವ ಮಗು ಬರುತ್ತದೆ, ಯಾವುದಕ್ಕೆ ಜ್ವರ ಬರುತ್ತದೆ ಎಂದು ಇಂದೇ ತುಂಬಿದರೆ ಅದನ್ನು ಸುಳ್ಳು ಹಾಜರಿ ಎನ್ನುತ್ತಾರೆ.

ಕುಣಿಗಲ್ಲು ನನ್ನ ಗಂಡನ ಮನೆ. ಅಲ್ಲಿನ ಕುದುರೆ ಫಾರಂ ಹೆಸರಾದದ್ದು. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಸಾಕಿದ ಜಾಗವೆಂದು ಹೇಳುತ್ತಾರೆ. ನಮ್ಮ ಕಾಲಕ್ಕೆ ಅದು ರೇಸಿನ ಕುದುರೆಗಳ ಊರು. ನಮ್ಮತ್ತೆ ಬದುಕಿದ್ದಾಗ ಒಂದು ಮಾತು ಹೇಳುತ್ತಿದ್ದರು: “ಓಡಿ ಮುಗಿದ ಮೇಲೆ ಗೆದ್ದ ಕುದುರೆ ಯಾವುದು ಅಂತ ಹಟ್ಟಿ ಕಾಯೋ ಹುಡುಗನೂ ಹೇಳ್ತಾನೆ.”

ಮಗ ಎರಡು ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಮೂರನೆಯ ದಿನ ತಾನೇ ಕೆಳಗಿಳಿದು ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ. ಬಾಣ ನಿಜವಾಗಿ ಮೂಡಿದ ದಿನದ ಮಾರನೆಯ ಬೆಳಗಿನ ಬೆಲೆಗೆ ಕೊಂಡರೆ ಏನಾಗುತ್ತಿತ್ತು ಎಂದು ಸೂತ್ರ ತಿದ್ದಿ, ದಲ್ಲಾಳಿ ಖರ್ಚು, ತೆರಿಗೆಗಳನ್ನೂ ಕಳೆದು ಮತ್ತೆ ಓಡಿಸಿದ್ದನಂತೆ. “ಎಷ್ಟು ಬಂತೋ?” ಎಂದೆ. “ನಿನ್ನ ಪೋಸ್ಟಾಫೀಸಿನ ಬಡ್ಡಿಗಿಂತ ಕಡಿಮೆ” ಎಂದು ನೆಲ ನೋಡಿದ. ನಾನು ಒಗ್ಗರಣೆ ಸೌಟನ್ನು ಸುಮ್ಮನೆ ತಿರುವಿದೆ. ಗೆದ್ದೆ ಅನ್ನಿಸಲಿಲ್ಲ. ಮಗುವಿನ ಗಾಳಿಪಟದ ದಾರವನ್ನು ನಾನೇ ಕತ್ತರಿಸಿದ ಹಾಗಿತ್ತು.

ಇನ್ನೊಂದು ದೋಷವನ್ನು ಅವನೇ ಕಂಡುಹಿಡಿದ. ಸೂತ್ರವನ್ನು ಓಡಿಸಿದ್ದು ಇಂದು ನಿಫ್ಟಿ ಪಟ್ಟಿಯಲ್ಲಿರುವ ಐವತ್ತು ಕಂಪನಿಗಳ ಮೇಲೆ. ಹಿಂದೆ ಪಟ್ಟಿಯಲ್ಲಿದ್ದು ಬಿದ್ದುಹೋದವು ಅದರಲ್ಲಿ ಇಲ್ಲವೇ ಇಲ್ಲ. ಸತ್ಯಂ ಕಂಪನಿ ನಿಮಗೆ ನೆನಪಿರಬಹುದು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗರಾಜು ಲೆಕ್ಕ ಸುಳ್ಳೆಂದು ಒಪ್ಪಿಕೊಂಡರು. ಅದೇ ತಿಂಗಳು ಅದು ನಿಫ್ಟಿಯಿಂದ ಹೊರಬಿತ್ತು. ಹತ್ತನೇ ತರಗತಿಯ ಬೀಳ್ಕೊಡುಗೆ ಫೋಟೋ ನೋಡಿ ನಮ್ಮ ಶಾಲೆಗೆ ಸೇರಿದವರೆಲ್ಲ ಓದಿ ಮುಗಿಸಿದರು ಎಂದರೆ ಹೇಗಿರುತ್ತದೆ? ಎಂಟಕ್ಕೇ ಬಿಟ್ಟು ಗಾರ್ಮೆಂಟ್ಸಿಗೆ ಹೋದ ಹುಡುಗಿ, ಮದುವೆ ಮಾಡಿಸಿ ಕಳಿಸಿಬಿಟ್ಟ ಹುಡುಗಿ ಆ ಫೋಟೋದಲ್ಲಿ ಇರುವುದಿಲ್ಲ.

ನಿಮ್ಮ ಮನೆಯಲ್ಲೂ ಮಗನೋ ಅಳಿಯನೋ ಯಜಮಾನರೋ ಇಂಥ ನಕ್ಷೆ ತೋರಿಸಿ ಒಡವೆಯ ಪೆಟ್ಟಿಗೆಯ ಕಡೆ ನೋಡಬಹುದು. ನಕ್ಷೆ ಅರ್ಥವಾಗದಿದ್ದರೂ ಪ್ರಶ್ನೆ ಕೇಳಬಹುದು. ಬಾಣಕ್ಕೆ ಆ ದಿನವೇ ಗೊತ್ತಿತ್ತೇ? ಸೋತವರೂ ಲೆಕ್ಕದಲ್ಲಿದ್ದಾರೆಯೇ? ಖರ್ಚು ಕಳೆದಿದ್ದೀರಾ? ಷೇರುಪೇಟೆಯ ನಿಯಂತ್ರಣ ಮಂಡಳಿ ಸೆಬಿ 2024ರ ಸೆಪ್ಟೆಂಬರಿನಲ್ಲಿ ಒಂದು ವರದಿ ಹೊರಡಿಸಿತು. ಷೇರಿನ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ 2021–22ರಿಂದ 2023–24ರವರೆಗಿನ ಮೂರು ವರ್ಷದಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅವರಲ್ಲಿ ಎಷ್ಟು ಜನರ ನಕ್ಷೆಯಲ್ಲಿ ಹಸಿರು ಬಾಣ ಕಣಿವೆಯ ತಳದಲ್ಲೇ ಕುಳಿತಿತ್ತೋ!

ಇಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ದೀಪಾವಳಿಗೆ ತವರಿಗೆ ಹೋದಾಗ ಅದು ಬೇರೆ ರೂಪದಲ್ಲಿ ಎದುರಾಯಿತು. ನಾನು ಬಿ.ಎಡ್. ಸೇರಿದ ವರ್ಷ ಅಪ್ಪ ನನ್ನ ಫೀಸಿಗಾಗಿ ಅಟ್ಟದ ಕೊಬ್ಬರಿಯನ್ನೆಲ್ಲ ಒಂದೇ ಸಲಕ್ಕೆ ಮಾರಿದರು. ಮುಂದಿನ ಎರಡು ಹರಾಜಿನಲ್ಲಿ ಧಾರಣೆ ಏರಿತು. ಅಂದಿನಿಂದ ಇಂದಿನವರೆಗೆ ನಮ್ಮಣ್ಣ ಹಬ್ಬ ಹರಿದಿನದಲ್ಲಿ ಊಟಕ್ಕೆ ಕುಳಿತಾಗಲೆಲ್ಲ, “ಹದಿನೈದು ದಿನ ತಡೆದಿದ್ರೆ ಕೆರೆ ಪಕ್ಕದ ಆ ತೋಟ ನಮ್ಮದಾಗ್ತಿತ್ತು. ಅಪ್ಪ ದುಡುಕಿಬಿಟ್ರು” ಎನ್ನುತ್ತಾನೆ. ನನ್ನನ್ನು ನೇರವಾಗಿ ಏನೂ ಅನ್ನುವುದಿಲ್ಲ. ಆದರೆ ನನ್ನ ತಟ್ಟೆಯ ಒಬ್ಬಟ್ಟು ಗಂಟಲಲ್ಲಿ ಇಳಿಯುವುದಿಲ್ಲ. ಅಪ್ಪ ಹೋದ ಮೇಲೂ ಈ ಮಾತು ಹೋಗಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೆ ನಾನೂ ಅದನ್ನು ನಂಬಿದ್ದೆ. ನನ್ನ ಓದಿಗಾಗಿ ಒಂದು ತೋಟ ಹೋಯಿತು ಎಂದು.

ಈ ಸಲ ಅಣ್ಣ ಮಾತು ತೆಗೆದಾಗ ನಾನು ಎದ್ದು ಹೋಗಿ, ದೇವರ ಕೋಣೆಯ ಗೂಡಿನಿಂದ ಅಪ್ಪನ ಲೆಕ್ಕದ ಪುಸ್ತಕ ತಂದೆ. ಆ ವರ್ಷದ ಪುಟ ತೆಗೆದೆ. ಅಪ್ಪ ಮಾರಿದ ದಿನದ ಕೆಳಗಿನದನ್ನೆಲ್ಲ ಒಂದು ಹಳೆಯ ಲಗ್ನಪತ್ರಿಕೆಯಿಂದ ಮುಚ್ಚಿದೆ. “ಅಣ್ಣ, ಮೇಲಿನ ಐದು ಹರಾಜು ಓದು” ಎಂದೆ. ಅವನು ಕನ್ನಡಕ ಹಾಕಿಕೊಂಡು ಓದಿದ. ಐದೂ ಇಳಿಮುಖ. ಪಕ್ಕದ ಸರಾಸರಿಯೂ ಇಳಿಯುತ್ತ ಬಂದಿತ್ತು. ಅಟ್ಟದಲ್ಲಿ ಕಾಯಿ, ಎದುರಿಗೆ ಮಗಳ ಫೀಸಿನ ಕೊನೆಯ ದಿನಾಂಕ.

“ಈಗ ಹೇಳು. ನೀನಾಗಿದ್ರೆ ಏನು ಮಾಡ್ತಿದ್ದೆ?”

ಅಣ್ಣ ಬಹಳ ಹೊತ್ತು ಪುಟವನ್ನೇ ನೋಡಿದ. ಲಗ್ನಪತ್ರಿಕೆಯನ್ನು ಸರಿಸಲು ಹೋದ ಕೈಯನ್ನು ನಾನು ಹಿಡಿದುಕೊಂಡೆ. “ಮಾರ್ತಿದ್ದೆ ಕಣೇ” ಎಂದ ಕೊನೆಗೆ. ಸ್ವಲ್ಪ ತಡೆದು, “ಇನ್ನೂ ಒಂದು ಹರಾಜು ಮುಂಚೇನೇ ಮಾರ್ತಿದ್ದೆ” ಎಂದ. ಅತ್ತಿಗೆ ಒಳಗಿನಿಂದ ತುಪ್ಪ ತಂದು ಇಬ್ಬರ ತಟ್ಟೆಗೂ ಬಡಿಸಿದರು.

ಮಗ ಕೆಲಸ ಬಿಟ್ಟಿಲ್ಲ. ರೈಲಿನಲ್ಲಿ ಬರುವಾಗ ಹೋಗುವಾಗ ಈಗಲೂ ಸೂತ್ರಗಳನ್ನು ಬರೆಯುತ್ತಾನೆ. ತನ್ನ ಸಂಬಳದಲ್ಲಿ ತಿಂಗಳಿಗಿಷ್ಟು ಎಂದು ಹಾಕುತ್ತಾನೆ, ಒಮ್ಮೊಮ್ಮೆ ಕಳೆದುಕೊಳ್ಳುತ್ತಾನೆ. ಹೊಸ ಸೂತ್ರ ಬರೆದಾಗ “ಅಮ್ಮ, ಕಾಪಿ ಹೊಡೆದಿದೆಯಾ ನೋಡು” ಎಂದು ಕರೆಯುತ್ತಾನೆ. ನಾನು ಮಹಡಿ ಹತ್ತಿ ಹೋಗುತ್ತೇನೆ. ನನ್ನ ಐದು ಲಕ್ಷ ಅಂಚೆ ಕಚೇರಿಯಲ್ಲೇ ಇದೆ.

ಇದನ್ನು ಬರೆಯುತ್ತಿರುವುದು ಶನಿವಾರ ಮಧ್ಯಾಹ್ನ, ಖಾಲಿ ತರಗತಿಯಲ್ಲಿ ಕುಳಿತು. ಹಾಜರಿ ಪುಸ್ತಕ ಎದುರಿಗಿದೆ. ಇಂದಿನವರೆಗಿನ ಒಟ್ಟು ಬರೆದಾಯಿತು. ಸೋಮವಾರದ ಮನೆಗಳು ನಲವತ್ತೂ ಬಿಳಿಯಾಗಿವೆ. ಮೂರು ದಿನದಿಂದ ಬಾರದ ಹದಿನೇಳನೇ ನಂಬರಿನ ಹುಡುಗಿ ಸೋಮವಾರ ಬರಲಿ ಎಂದುಕೊಂಡು ಪುಸ್ತಕ ಮುಚ್ಚಿ, ಗುಬ್ಬಿ ನಿಲ್ದಾಣದ ಕಡೆ ಹೊರಟೆ.